ತಾರೆಗಳನ್ನು ಅಳೆದವರು: ವೈನು ಬಾಪು

ಜೀವನಚರಿತ್ರೆ ಎಂದೊಡನೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅರಸರೂ ಕವಿಗಳೂ ದೇಶಭಕ್ತರೂ ಬಂದು ನಿಲ್ಲುವುದು ವಾಡಿಕೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿಯೊಬ್ಬನು ಖಗೋಳ ವಿಜ್ಞಾನಿಯ ಕಥೆಯನ್ನು ಹೇಳಹೊರಟರೆ ಕೆಲವರಿಗೆ ಸೋಜಿಗವೆನಿಸೀತು. ಆದರೆ ನಾನು ಹೇಳಹೊರಟಿರುವ ಮಹನೀಯರ ಕೆಲಸದ ಮನೆ ನಮಗೆ ದೂರದ್ದಲ್ಲ. ಬೊಮ್ಮನಹಳ್ಳಿಯಲ್ಲಿರುವ ನಮ್ಮ ಮನೆಯಿಂದ ಹೊಸೂರು ರಸ್ತೆಯನ್ನು ಹಿಡಿದು, ಸಿಲ್ಕ್ ಬೋರ್ಡಿನ ಜನಜಂಗುಳಿಯನ್ನು ದಾಟಿ ಕೋರಮಂಗಲಕ್ಕೆ ಹೋದರೆ, ಸೇಂಟ್ ಜಾನ್ಸ್ ಆಸ್ಪತ್ರೆಯ ಬಳಿ ಒಂದು ಆವರಣವಿದೆ. ಅದೇ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್; ಕನ್ನಡದಲ್ಲಿ ಖಭೌತ ವಿಜ್ಞಾನ ಸಂಸ್ಥೆ ಎನ್ನಬಹುದು. ಅದನ್ನು ಕಟ್ಟಿದವರು ಮಣಲಿ ಕಲ್ಲಾಟ್ ವೈನು ಬಾಪು. ಅವರು ಕನ್ನಡಿಗರಲ್ಲ. ಅವರ ಮನೆತನ ಮಲಬಾರಿನ ತಲಶ್ಶೇರಿಯದು, ಬೆಳೆದದ್ದು ಹೈದರಾಬಾದಿನಲ್ಲಿ. ಆದರೂ ತಮ್ಮ ಬಾಳಿನ ಕೊನೆಯ ಘಟ್ಟದ ದುಡಿಮೆಯನ್ನೆಲ್ಲ ಬೆಂಗಳೂರಿಗೆ ಧಾರೆಯೆರೆದರು. ನಮ್ಮ ಬೀದಿಯಲ್ಲಿ ಹತ್ತು ಮಂದಿಯನ್ನು ಕೇಳಿದೆ. ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ. ಈ ಲೇಖನ ಬರೆಯಲು ಅದೊಂದು ಕಾರಣ. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

ಬಾಪು ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯ ವೇಧಶಾಲೆಯಲ್ಲಿ ಕೆಲಸದಲ್ಲಿದ್ದರು. ಆದುದರಿಂದ ಇತರ ಮಕ್ಕಳಿಗೆ ಅಂಗಳದ ಆಟ ಹೇಗೋ ಹಾಗೆ ಈ ಹುಡುಗನಿಗೆ ದೂರದರ್ಶಕದ ಸಹವಾಸ ಎಳವೆಯಲ್ಲಿಯೇ ಒದಗಿತು. ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ವ್ಯಾಸಂಗ ನಡೆಯಿತು. ಬೆಳಕು ಏರಿಳಿಯುವ ತಾರೆಗಳನ್ನು ಕುರಿತು ಅವರು ವಿದ್ಯಾರ್ಥಿದೆಸೆಯಲ್ಲಿಯೇ ಲೇಖನಗಳನ್ನು ಪ್ರಕಟಿಸಿದರು. ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನ ವಯಸ್ಸೂ ಸುಮಾರು ಅಷ್ಟೇ ಆದ್ದರಿಂದ ಈ ಸಂಗತಿಯನ್ನು ಓದಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಆದರೆ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಅವರ ಮನೆಯಲ್ಲಿ ಆ ವಿದ್ಯೆ ತಂದೆಯ ಕಾಲದಿಂದಲೇ ಇದ್ದಿತು. ವಿದ್ಯೆಗೂ ಒಂದು ಪಿತ್ರಾರ್ಜಿತವಿದೆ. ಅದು ಇದ್ದವರು ಬೇಗ ಹೊರಡುತ್ತಾರೆ.

1949ರಲ್ಲಿ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿ ಆಗಿನ್ನೂ ಕೆಲವೇ ತಿಂಗಳು. ಬೀದರ್, ಕಲಬುರಗಿ, ರಾಯಚೂರುಗಳು ಅಂದು ಅದೇ ರಾಜ್ಯದ ಜಿಲ್ಲೆಗಳು. ಆ ವಿದ್ಯಾರ್ಥಿವೇತನದಲ್ಲಿ ನಮ್ಮ ಕನ್ನಡ ಸೀಮೆಯ ರೈತನ ಕಂದಾಯದ ಕಾಸೂ ಸೇರಿರಬೇಕೆಂದು, ಇತಿಹಾಸದ ವಿದ್ಯಾರ್ಥಿಯಾದ ನಾನು ನೆನೆದು ಹಿಗ್ಗುವುದುಂಟು.

ಹೋದ ವರ್ಷವೇ ಜುಲೈ ತಿಂಗಳಿನಲ್ಲಿ, ರಾತ್ರಿ ತೆಗೆದ ಛಾಯಾಫಲಕವೊಂದನ್ನು ಪರೀಕ್ಷಿಸುತ್ತಿರುವಾಗ ಒಂದು ಹೊಸ ಧೂಮಕೇತು ಅವರ ಕಣ್ಣಿಗೆ ಬಿದ್ದಿತು. ಬಾರ್ಟ್ ಬೋಕ್ ಮತ್ತು ಗಾರ್ಡನ್ ನ್ಯೂಕರ್ಕ್ ಎಂಬ ಇಬ್ಬರೊಡನೆ ಸೇರಿ ಅದನ್ನು ಖಚಿತಪಡಿಸಿದರು. ಅದಕ್ಕೆ ಬಾಪು–ಬೋಕ್–ನ್ಯೂಕರ್ಕ್ ಧೂಮಕೇತುವೆಂದು ಹೆಸರಾಯಿತು. ಬಾಪು ಅವರಿಗೆ ಡಾನಹೋ ಪದಕ ದೊರೆಯಿತು. ಪತ್ರಿಕೆಗಳಲ್ಲಿ ಅವರನ್ನು ಕುರಿತು ಬರೆಯುವವರು ಧೂಮಕೇತುವಿನಿಂದಲೇ ಆರಂಭಿಸುತ್ತಾರೆ. ನನಗೆ ಅದು ಅಷ್ಟು ದೊಡ್ಡದೆನಿಸದು. ಧೂಮಕೇತು ಅದೃಷ್ಟವಿದ್ದವರಿಗೂ ಸಿಕ್ಕೀತು. ಮುಂದೆ ಅವರು ಮಾಡಿದ ಕೆಲಸ ಮಾತ್ರ ಅದೃಷ್ಟದಿಂದ ಆಗುವಂಥದಲ್ಲ.

ಡಾಕ್ಟರೇಟ್ ಮುಗಿದ ಮೇಲೆ ಕಾರ್ನೆಗಿ ಫೆಲೋಷಿಪ್ ದೊರೆತು ಬಾಪು ಅವರು ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೇಧಶಾಲೆಗಳಿಗೆ ಹೋದರು. ಪಾಲೊಮಾರಿನ 200 ಅಂಗುಲದ ದೂರದರ್ಶಕ ಆ ದಿನಗಳಲ್ಲಿ ಜಗತ್ತಿನಲ್ಲಿಯೇ ದೊಡ್ಡದು. ಅಲ್ಲಿ ಓಲಿನ್ ವಿಲ್ಸನ್ ಎಂಬ ಹಿರಿಯರ ಜೊತೆ ಅವರು ಕೈಹಾಕಿದ ಕೆಲಸವನ್ನು ತಿಳಿಯಬೇಕಾದರೆ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕು. ವಿಜ್ಞಾನದ ವಿದ್ಯಾರ್ಥಿಗಳು ನಗದಿರಲಿ. ನಾನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಕತ್ತಲ ರಾತ್ರಿಯಲ್ಲಿ ಬಯಲಿನಾಚೆ ಒಂದು ದೀಪ ಕಾಣುತ್ತದೆಂದುಕೊಳ್ಳಿ. ಅದು ಹತ್ತಿರದ ಹಣತೆಯೋ ದೂರದ ಪೆಟ್ರೋಮ್ಯಾಕ್ಸೋ ಬರಿಯ ಕಣ್ಣಿಗೆ ಹೇಗೆ ತಿಳಿಯಬೇಕು? ನಕ್ಷತ್ರಗಳ ವಿಷಯದಲ್ಲಿಯೂ ಇದೇ ತೊಡಕು. ಕಣ್ಣಿಗೆ ಮಂಕಾಗಿ ಕಾಣುವುದು ನಿಜವಾಗಿಯೂ ಮಂಕೇ, ಇಲ್ಲವೆ ಬಹು ದೂರದಲ್ಲಿರುವ ಮಹಾದೀಪವೇ? ಇದನ್ನು ಬಗೆಹರಿಸದೆ ಆ ನಕ್ಷತ್ರದ ದೂರವಾಗಲಿ, ಗಾತ್ರವಾಗಲಿ, ತೂಕವಾಗಲಿ ಯಾವುದೂ ಕೈಗೆ ಸಿಗದು. ನಮ್ಮ ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್ ಬಿಸಿಯಿದೆ. ಅದಕ್ಕಿಂತ ತಣ್ಣಗಿರುವ ಕಿತ್ತಳೆ ಮತ್ತು ಕೆಂಪು ತಾರೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಏಕೆಂದರೆ ಕೆಂಪು ತಾರೆಗಳಲ್ಲಿ ದೈತ್ಯರೂ ಉಂಟು, ಕುಬ್ಜರೂ ಉಂಟು; ಬಣ್ಣದಲ್ಲಿ ಇಬ್ಬರೂ ಒಂದೇ.

ನಕ್ಷತ್ರದ ಬೆಳಕನ್ನು ಪಟ್ಟಕದಂಥ ಉಪಕರಣದಲ್ಲಿ ಹಾಯಿಸಿ ಬಣ್ಣಬಣ್ಣವಾಗಿ ಹರಡಿದರೆ ಅದೇ ವರ್ಣಪಟಲ. ಅದರಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು. ಒಂದೊಂದು ಗೆರೆ ಒಂದೊಂದು ಮೂಲವಸ್ತುವಿನ ಗುರುತು. ನೇರಿಳೆಯ ಕೊನೆಯಲ್ಲಿ, ಸುಮಾರು 393 ನ್ಯಾನೊಮೀಟರಿನಲ್ಲಿ, ಒಂದು ಅಗಲವಾದ ಕಪ್ಪು ಪಟ್ಟೆಯಿದೆ. ಅದು ಕ್ಯಾಲ್ಸಿಯಂನದು, ನಮ್ಮ ಹಿರಿಯರು ಎಲೆಯಡಿಕೆಗೆ ಹಚ್ಚುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅದೇ. ವಿಜ್ಞಾನಿಗಳು ಇದನ್ನು ಕೆ ರೇಖೆ ಎನ್ನುತ್ತಾರೆ. ತಂಪು ತಾರೆಗಳಲ್ಲಿ ಈ ಕಪ್ಪು ಪಟ್ಟೆಯ ನಡುಮಧ್ಯೆ ಒಂದು ತೆಳುವಾದ ಬೆಳಕಿನ ಎಳೆ ಹೊಳೆಯುತ್ತದೆ. ತಾರೆಯ ಮೇಲ್ಮೈಗಿಂತ ಮೇಲೆ ವರ್ಣಮಂಡಲವೆಂಬ ಬಿಸಿ ಅನಿಲದ ಹೊದಿಕೆಯಿರುತ್ತದೆ. ಆ ಎಳೆ ಅಲ್ಲಿಂದ ಬಂದದ್ದು.

ವಿಲ್ಸನ್ ಮತ್ತು ಬಾಪು ಮಾಡಿದ್ದು ಇಷ್ಟೆ: ಆ ಎಳೆಯ ಅಗಲವನ್ನು ಅಳೆದರು. ಇಷ್ಟೆ ಎಂದೆನಾದರೂ ಅದು ಸುಲಭದ್ದಲ್ಲ. ತಂಪು ತಾರೆ ನೇರಿಳೆ ಬೆಳಕನ್ನು ಬಹಳ ಜಿಪುಣತನದಿಂದ ಕೊಡುತ್ತದೆ. ಗಾಜಿನ ಫಲಕದ ಮೇಲೆ ಅದರ ಗುರುತು ಮೂಡಬೇಕಾದರೆ ಬಹಳ ಹೊತ್ತು ಕಾಯಬೇಕು. ಹೀಗೆ ಕೂಡಿಸಿದ 185 ತಾರೆಗಳ ಫಲಕಗಳನ್ನು ಒಂದೊಂದಾಗಿ ಅಳೆದಾಗ ಯಾರೂ ನಿರೀಕ್ಷಿಸದ ಸಂಗತಿ ಹೊರಬಿದ್ದಿತು. ತಾರೆ ನಿಜವಾಗಿಯೂ ಎಷ್ಟು ಪ್ರಕಾಶಮಾನವೋ ಆ ಎಳೆ ಅಷ್ಟು ಅಗಲ. ತಾರೆ ಎಷ್ಟು ಮಂಕೋ ಅಷ್ಟು ಕಿರಿದು. ಎಳೆ ಢಾಳಾಗಿದೆಯೇ ಮಸುಕಾಗಿದೆಯೇ ಎಂಬುದು ಲೆಕ್ಕಕ್ಕೇ ಬರದು. ಸೀರೆಯ ಬಣ್ಣ ಯಾವುದಿದ್ದರೂ, ಮಾಸಿದ್ದರೂ ಮಾಸದಿದ್ದರೂ, ಅಂಚಿನ ಅಗಲ ನೋಡಿಯೇ ಬೆಲೆ ಹೇಳಿದಂತೆ! ತೀರ ಮಂದವಾದ ತಾರೆಗೂ ತೀರ ಪ್ರಕಾಶದ ತಾರೆಗೂ ಹತ್ತು ಲಕ್ಷ ಪಟ್ಟು ಅಂತರವಿದ್ದರೂ ನಿಯಮ ಮುರಿಯಲಿಲ್ಲ. ನಮ್ಮ ಸೂರ್ಯನೂ ಅದೇ ಸಾಲಿನಲ್ಲಿ ಬಂದು ಕುಳಿತನು. 1957ರಲ್ಲಿ ಪ್ರಬಂಧ ಪ್ರಕಟವಾಯಿತು. ಅಂದಿನಿಂದ ಈ ನಿಯಮಕ್ಕೆ ವಿಲ್ಸನ್–ಬಾಪು ಪರಿಣಾಮವೆಂದೇ ಹೆಸರು. ಎಳೆಯ ಅಗಲದಿಂದ ನಿಜವಾದ ಪ್ರಕಾಶ ತಿಳಿಯುತ್ತದೆ. ಕಾಣುವ ಪ್ರಕಾಶದೊಡನೆ ಅದನ್ನು ಹೋಲಿಸಿದರೆ ದೂರ ತಿಳಿಯುತ್ತದೆ. ಹಣತೆಯೋ ಪೆಟ್ರೋಮ್ಯಾಕ್ಸೋ ಎಂಬ ಪ್ರಶ್ನೆಗೆ ಒಂದು ಕೂದಲೆಳೆ ಉತ್ತರ ಕೊಟ್ಟಿತು.

ಇದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿದ್ದಾರೆ; ನನ್ನ ಗೆಳೆಯರೇ ಕೇಳಿದರು. ಅವರಿಗೆ ನಾನು ಕೊಟ್ಟ ಉತ್ತರ ನಮ್ಮಕ್ಕನ ಕೆಲಸದಿಂದ ಕಲಿತದ್ದು. ನಮ್ಮಕ್ಕ ಹೊಸೂರು ರಸ್ತೆಯ ಪಕ್ಕದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಚೆಕಿಂಗ್ ವಿಭಾಗದಲ್ಲಿದ್ದಾಳೆ. ಕತ್ತಿನಲ್ಲಿ ಟೇಪು ಹಾಕಿಕೊಂಡು ದಿನವೆಲ್ಲ ಅಂಗಿಗಳ ಕಾಲರು, ತೋಳು, ಎದೆಯ ಸುತ್ತಳತೆಗಳನ್ನು ನೋಡುತ್ತಾಳೆ. ಅವಳು ಹೇಳುವಂತೆ, ಹೊಲಿಗೆ ತಪ್ಪಿದರೆ ಒಂದು ಅಂಗಿ ಹಾಳು. ಮೂಲದ ಪ್ಯಾಟರ್ನಿನ ಅಳತೆಯೇ ತಪ್ಪಿದರೆ ಇಡೀ ಲಾಟೇ ಹಾಳು.

ಬೇರೆ ಸೂರ್ಯರ ಸುತ್ತ ತಿರುಗುವ ಗ್ರಹಗಳ ವಿಷಯವೂ ಹೀಗೆಯೇ. ಆ ಗ್ರಹಗಳಲ್ಲಿ ಹೆಚ್ಚಿನವು ನೇರವಾಗಿ ಕಣ್ಣಿಗೆ ಕಾಣವು. ಗ್ರಹವು ತನ್ನ ತಾರೆಯ ಮುಂದೆ ಹಾಯ್ದಾಗ ತಾರೆಯ ಬೆಳಕು ತುಸು ಕುಂದುತ್ತದೆ. ಆ ಕುಂದೇ ಸಾಕ್ಷಿ. ನಮ್ಮ ಭೂಮಿ ಸೂರ್ಯನ ಮುಂದೆ ಹಾಯ್ದರೆ ಕುಂದುವುದು ಹನ್ನೆರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಅದೇ ಭೂಮಿ ಸೂರ್ಯನ ಹತ್ತನೆಯ ಒಂದರಷ್ಟು ಅಗಲದ ಕೆಂಪು ಕುಬ್ಜವೊಂದರ ಮುಂದೆ ಹಾಯ್ದರೆ ನೂರಿಪ್ಪತ್ತರಲ್ಲಿ ಒಂದು ಪಾಲು ಕುಂದುತ್ತದೆ. ಆದುದರಿಂದಲೇ ಭೂಮಿಯಂಥ ಲೋಕಗಳನ್ನು ಹುಡುಕುವವರು ಸಣ್ಣ ತಂಪು ತಾರೆಗಳ ಬಾಗಿಲು ಬಡಿಯುವುದು. ಆಕಾಶದ ತಾರೆಗಳಲ್ಲಿ ಮುಕ್ಕಾಲು ಪಾಲಿನಷ್ಟು ಈ ಕೆಂಪು ಕುಬ್ಜಗಳೇ. ಆದರೂ ಬರಿಗಣ್ಣಿಗೆ ಒಂದೂ ಕಾಣದು. ನಮಗೆ ಸೂರ್ಯನ ನಂತರ ಅತಿ ಹತ್ತಿರದ ತಾರೆ, 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ, ಇದೇ ಜಾತಿಯದು. ಅದಕ್ಕೊಂದು ಗ್ರಹವಿರುವುದು 2016ರಲ್ಲಿ ತಿಳಿಯಿತು.

ಆದರೆ ಬೆಳಕಿನ ಕುಂದು ಹೇಳುವುದು ಗ್ರಹಕ್ಕೂ ತಾರೆಗೂ ಇರುವ ಪ್ರಮಾಣವನ್ನು ಮಾತ್ರ. ತಾರೆಯ ಅಳತೆ ಗೊತ್ತಿದ್ದರೆ ಗ್ರಹದ ಅಳತೆ ಸಿಕ್ಕೀತು. ತಾರೆಯ ಅಗಲ ನಾವು ತಿಳಿದದ್ದಕ್ಕಿಂತ ಹತ್ತನೆಯ ಒಂದು ಪಾಲು ಹೆಚ್ಚಿದ್ದರೆ ಗ್ರಹದ ಅಗಲವೂ ಅಷ್ಟೇ ಹೆಚ್ಚು. ಅದರ ಗಾತ್ರವೋ ಮೂರನೆಯ ಒಂದು ಪಾಲು ಹೆಚ್ಚು. ಕಲ್ಲುಮಣ್ಣಿನ ಲೋಕವೆಂದುಕೊಂಡದ್ದು ನೀರು, ಅನಿಲಗಳ ಉಂಡೆಯಾದೀತು. ತಾರೆ ಕೊಡುವ ಶಾಖದ ಲೆಕ್ಕ ತಪ್ಪಿದರೆ ನೀರು ನಿಲ್ಲುವ ಲೋಕವೆಂದದ್ದು ಕಾದ ಹೆಂಚಾದೀತು. ಪ್ಯಾಟರ್ನ್ ತಪ್ಪಿದರೆ ಲಾಟೇ ತಪ್ಪು.

ಇಲ್ಲಿ ನಿಜವನ್ನು ಮುಚ್ಚಿಡಬಾರದು. ಈ ಹೊತ್ತು ತಾರೆಗಳ ದೂರವನ್ನು ತಿಳಿಯಲು ವಿಜ್ಞಾನಿಗಳು ಹೆಚ್ಚಾಗಿ ಆಶ್ರಯಿಸುವುದು ವಿಲ್ಸನ್–ಬಾಪು ನಿಯಮವನ್ನಲ್ಲ. 2013ರಲ್ಲಿ ಹಾರಿ 2025ರವರೆಗೆ ದುಡಿದ ಗಾಯಾ ಎಂಬ ಯೂರೋಪಿನ ಆಕಾಶನೌಕೆಯ ಅಳತೆಗಳನ್ನು. ಆದರೆ ಆ ಕ್ಯಾಲ್ಸಿಯಂ ಎಳೆಗೆ ಬೇರೊಂದು ಕೆಲಸ ಉಳಿದಿದೆ. ತಾರೆ ಶಾಂತವಾಗಿದೆಯೇ, ಕಲೆಗಳೆದ್ದು ಕುದಿಯುತ್ತಿದೆಯೇ ಎಂಬುದನ್ನು ಅದು ತಿಳಿಸುತ್ತದೆ. ತಾರೆಯ ಮೈಮೇಲಿನ ಕಲೆ ತಿರುಗಿದಾಗ ಗ್ರಹವೊಂದು ಎಳೆದಾಡಿದಂತೆ ಭ್ರಮೆಯಾಗುವುದುಂಟು. ಗ್ಲೀಸ್ 581 ಎಂಬ ಕೆಂಪು ಕುಬ್ಜದ ಸುತ್ತ ಜೀವಿಗಳಿಗೆ ಯೋಗ್ಯವಾದ ಗ್ರಹವಿದೆಯೆಂದು 2007ರಿಂದ ಸುದ್ದಿಯಾಗಿದ್ದಿತು. 2014ರಲ್ಲಿ ಅದು ತಾರೆಯದೇ ಚೇಷ್ಟೆಯೆಂದು ಕೆಲವರು ತೋರಿಸಿದರು. ಹೀಗೆ ಒಂದಿಡೀ ಲೋಕ ಲೆಕ್ಕದಿಂದ ಅಳಿಸಿಹೋಯಿತು! ಮೊದಲು ತಾರೆಯನ್ನು ಅಳೆ, ಆಮೇಲೆ ಗ್ರಹದ ಮಾತಾಡು ಎಂಬ ಶಿಸ್ತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮರಳಿ ಕಥೆಗೆ ಬರುತ್ತೇನೆ. ಪಾಲೊಮಾರಿನಂಥ ಸ್ಥಳ, ವಿಲ್ಸನ್ನರಂಥ ಸಹೋದ್ಯೋಗಿ, ಕೈಯಲ್ಲಿ ಹೊಸ ನಿಯಮ. ಇಷ್ಟೂ ಇದ್ದು 1953ರಲ್ಲಿ ಬಾಪು ಅವರು ಭಾರತಕ್ಕೆ ಹಿಂತಿರುಗಿದರು. ಆಗ ಅವರಿಗೆ ವಯಸ್ಸು ಇಪ್ಪತ್ತಾರು. ದೇಶದಲ್ಲಿ ಅವರ ವಿದ್ಯೆಗೆ ತಕ್ಕ ದೂರದರ್ಶಕ ಒಂದೂ ಇರಲಿಲ್ಲ. 1954ರಲ್ಲಿ ಉತ್ತರ ಪ್ರದೇಶ ಸರ್ಕಾರದ ವೇಧಶಾಲೆಯ ಹೊಣೆ ಹೊತ್ತರು. ಅದು ವಾರಾಣಸಿಯಲ್ಲಿ ಆಗಷ್ಟೇ ಹುಟ್ಟಿದ ಸಂಸ್ಥೆ. ಗಂಗೆಯ ತೀರ ಪುಣ್ಯಕ್ಕೆ ಸೂಕ್ತವಾದರೂ ತಾರಾವೀಕ್ಷಣೆಗೆ ಸೂಕ್ತವಲ್ಲ. ಅವರು ಅದನ್ನು ನೈನಿತಾಲದ ಬೆಟ್ಟಕ್ಕೆ ಸಾಗಿಸಿದರು. ಇಂದು ಆರ್ಯಭಟರ ಹೆಸರಿನಲ್ಲಿ ಅಲ್ಲಿ ನಡೆಯುತ್ತಿರುವ ದೊಡ್ಡ ಸಂಸ್ಥೆ ಆ ಸಸಿಯಿಂದ ಬೆಳೆದದ್ದು.

1960ರಲ್ಲಿ ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು. ಅದು 1899ರಲ್ಲಿ ಸ್ಥಾಪನೆಯಾದ ಕೀರ್ತಿವಂತ ಸಂಸ್ಥೆ; ಆದರೆ ಅಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಸೂರ್ಯನ ವೀಕ್ಷಣೆ. ರಾತ್ರಿಯ ಆಕಾಶಕ್ಕೆ ಬೇರೆ ಸ್ಥಳ ಬೇಕಾಗಿತ್ತು. ದಕ್ಷಿಣ ದೇಶದ ಬೆಟ್ಟಗುಡ್ಡಗಳನ್ನು ಹುಡುಕಿಸಿ, ಕೊನೆಗೆ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರೆಂಬ ಹಳ್ಳಿಯ ಬಳಿ ಸುಮಾರು 40 ಹೆಕ್ಟೇರ್ ಕಾಡುನೆಲವನ್ನು ಆರಿಸಿಕೊಂಡರು. ಸಮುದ್ರಮಟ್ಟದಿಂದ 700 ಮೀಟರಿಗಿಂತ ತುಸು ಮೇಲೆ, ಸುತ್ತ ಕಾಡು, ಪೇಟೆಯ ದೀಪಗಳಿಲ್ಲ. ಉತ್ತರ ಅಕ್ಷಾಂಶ 12 ಡಿಗ್ರಿ ಚಿಲ್ಲರೆಯಾದ್ದರಿಂದ ದಕ್ಷಿಣದ ಆಕಾಶವೂ ಬಹುಪಾಲು ಕಾಣುತ್ತದೆ. 1968ರಲ್ಲಿ ಅಲ್ಲಿ ಮೊದಲು ನಿಂತದ್ದು ಕೊಡೈಕನಾಲಿನಲ್ಲಿಯೇ ತಯಾರಿಸಿದ 38 ಸೆಂಟಿಮೀಟರಿನ ಪುಟ್ಟ ದೂರದರ್ಶಕ. 200 ಅಂಗುಲದ ದರ್ಪಣದಲ್ಲಿ ಆಕಾಶ ನೋಡಿದ್ದವರು 15 ಅಂಗುಲದಿಂದ ಮತ್ತೆ ಆರಂಭಿಸಿದರು.

ಇನ್ನೊಂದು ಕಾರಣವನ್ನು ಮುಂದೆ ಹೇಳುವೆನೆಂದಿದ್ದೆ, ಅದು ಇದು. ಕಾವಲೂರಿನಲ್ಲಿ ಬಾಪು ಅವರು ನೆಲ, ಕಟ್ಟಡ, ಕಾರ್ಯಾಗಾರಗಳ ಚಿಂತೆಯಲ್ಲಿದ್ದ ಆ ವರ್ಷಗಳಲ್ಲಿಯೇ, 1966ರಿಂದ, ವಿಲ್ಸನ್ ಅವರು ಮೌಂಟ್ ವಿಲ್ಸನ್ನಿನಲ್ಲಿ ಕುಳಿತು ಅದೇ ಕ್ಯಾಲ್ಸಿಯಂ ಬೆಳಕನ್ನು 91 ತಾರೆಗಳಲ್ಲಿ ವರ್ಷ ವರ್ಷವೂ ಅಳೆಯುತ್ತ ಹೋದರು. ಸೂರ್ಯನಿಗಿರುವಂತೆ ಬೇರೆ ತಾರೆಗಳಿಗೂ ಕಲೆಗಳ ಏರಿಳಿತದ ಚಕ್ರವಿದೆಯೆಂದು 1978ರಲ್ಲಿ ಪ್ರಕಟಿಸಿದರು. ಗ್ರಹಗಳನ್ನು ಹುಡುಕುವವರು ಇಂದಿಗೂ ಆ ಅಳತೆಗಳನ್ನು ನೆನೆಯುತ್ತಾರೆ. ಒಂದೇ ಎಳೆಯನ್ನು ಇಬ್ಬರು ಹಿಡಿದಿದ್ದರು. ಒಬ್ಬರು ಅದನ್ನು ಹಿಡಿದೇ ನಡೆದರು, ಇನ್ನೊಬ್ಬರು ಕೈಬಿಟ್ಟು ಹಾರೆ ಗುದ್ದಲಿಯ ಕಡೆ ನಡೆದರು. ಪೂರ್ತಿ ಕೈಬಿಟ್ಟರೆನ್ನುವುದು ನ್ಯಾಯವಲ್ಲ. 1971ರಲ್ಲಿ ಶಿವರಾಮನ್ ಅವರೊಡನೆ ಸೇರಿ, ಸೂರ್ಯನ ಮೈಮೇಲಿನ ಯಾವ ಚುಕ್ಕೆಗಳಿಂದ ಆ ಎಳೆಗೆ ಅಗಲ ಒದಗುತ್ತದೆಂಬುದನ್ನು ಕುರಿತು ಬರೆದರು. ಆದರೂ ವೀಕ್ಷಕನೊಬ್ಬನ ಹರೆಯದ ರಾತ್ರಿಗಳು ಕಡತಗಳಲ್ಲಿಯೂ ಕಾಮಗಾರಿಯಲ್ಲಿಯೂ ಕಳೆದುಹೋದವು ಎಂಬುದನ್ನು ಅಲ್ಲಗಳೆಯಲಾಗದು.

ಮಹಾಪುರುಷರ ಚರಿತ್ರೆ ಬರೆಯುವವರು ಇಂಥ ಸ್ಥಳದಲ್ಲಿ ತ್ಯಾಗ ಎಂಬ ಒಂದು ಮಾತನ್ನು ಹಾಕಿ ಮುಂದೆ ಹೋಗಿಬಿಡುತ್ತಾರೆ. ನನಗೆ ಆ ಮಾತು ಸಾಲದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮಕ್ಕ ನನಗಿಂತ ಜಾಣೆ. ಲೆಕ್ಕದಲ್ಲಿ ಅವಳಿಗೆ ಬಂದಷ್ಟು ಅಂಕ ನನಗೆ ಎಂದೂ ಬಂದದ್ದಿಲ್ಲ. ಎಸ್.ಎಸ್.ಎಲ್.ಸಿ. ಆದ ಮೇಲೆ ಅವಳು ಟೇಪು ಹಿಡಿದಳು, ನಾನು ಪುಸ್ತಕ ಹಿಡಿದೆ. ಅದನ್ನು ತ್ಯಾಗವೆಂದು ಕರೆದರೆ ಅವಳಿಗೆ ಸಿಟ್ಟು ಬರುತ್ತದೆ. ಯಾರಾದರೂ ಒಬ್ಬರು ಮಾಡಬೇಕಾಗಿತ್ತು, ಮಾಡಿದೆ ಎನ್ನುವ ಹಾಗಿರುತ್ತದೆ ಅವಳ ಮುಖ. ಬಾಪು ಅವರ ಮುಖವೂ ಹಾಗೆಯೇ ಇದ್ದಿರಬೇಕೆಂದು ಊಹಿಸುತ್ತೇನೆ. ಆದರೆ ಲೆಕ್ಕದ ಪುಸ್ತಕದಲ್ಲಿ ಬಂದದ್ದನ್ನು ಬರೆದಂತೆ ಹೋದದ್ದನ್ನೂ ಬರೆಯಬೇಕಲ್ಲವೇ? ಅವರು ಅಳೆಯದೆ ಬಿಟ್ಟ ತಾರೆಗಳೂ ಅವರ ಚರಿತ್ರೆಗೆ ಸೇರಿದವು.

ಇನ್ನು ಬಂದದ್ದನ್ನು ಬರೆಯೋಣ. 1971ರ ಏಪ್ರಿಲಿನಲ್ಲಿ ಖಭೌತ ವಿಜ್ಞಾನ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. ಬಾಪು ಅವರೇ ಅದರ ಮೊದಲ ನಿರ್ದೇಶಕರು. ಅದರ ಕೇಂದ್ರವನ್ನು ಎಪ್ಪತ್ತರ ದಶಕದಲ್ಲಿ ಬೆಂಗಳೂರಿಗೆ ತಂದರು. 1972ರಲ್ಲಿ ಜರ್ಮನಿಯ ಕಾರ್ಲ್ ಜೈಸ್ ಕಾರ್ಖಾನೆಯ ಒಂದು ಮೀಟರಿನ ದೂರದರ್ಶಕ ಕಾವಲೂರಿಗೆ ಬಂದಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ತಾರೆಯನ್ನು ಮರೆಮಾಡುವುದಿದ್ದಿತು. ಗ್ರಹ ಇನ್ನೂ ಹತ್ತಿರ ಬರುವ ಮೊದಲೇ ತಾರೆಯ ಬೆಳಕು ಒಮ್ಮೆ ಕುಂದಿ ಮತ್ತೆ ಬೆಳಗಿದ್ದನ್ನು ಕಾವಲೂರಿನಲ್ಲಿ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಅವರು ದಾಖಲಿಸಿದರು. ಅವರು ಅದನ್ನು ಹೊಸ ಉಪಗ್ರಹವೆಂದು ಭಾವಿಸಿದರು. ವಿಮಾನದಿಂದ ನೋಡುತ್ತಿದ್ದ ಅಮೆರಿಕದವರು ಅಂಥ ಕುಂದುಗಳನ್ನು ಹಲವು ಕಂಡು, ಯುರೇನಸ್ಸಿಗೆ ಉಂಗುರಗಳಿವೆಯೆಂದು ಲೋಕಕ್ಕೆ ತಿಳಿಸಿದರು. ಹೆಸರು ಅವರದಾಯಿತು. ಆದರೆ ಕಾಡಿನ ನಡುವೆ ಐದೇ ವರ್ಷದ ಹಿಂದೆ ನಿಂತ ದೂರದರ್ಶಕ ಆ ಕುಂದನ್ನು ಬಿಡದೆ ಹಿಡಿದಿದ್ದಿತು. ಬೆಳಕಿನ ಕುಂದಿನಿಂದ ಕಾಣದ ವಸ್ತುವನ್ನು ಕಾಣುವ ಉಪಾಯವನ್ನು ಮೇಲೆ ಹೇಳಿದೆನಷ್ಟೆ. ಅದಕ್ಕೆ ನಮ್ಮವರ ಕೈ ಹೀಗೆ ಪಳಗುತ್ತ ಬಂದಿತು.

ಅಷ್ಟಕ್ಕೆ ಅವರಿಗೆ ತೃಪ್ತಿಯಿರಲಿಲ್ಲ. ವಿದೇಶದಿಂದ ಕೊಂಡು ತಂದದ್ದು ಎಷ್ಟಾದರೂ ಕೊಂಡದ್ದೇ. ದೊಡ್ಡ ದೂರದರ್ಶಕವೊಂದನ್ನು ನಾವೇ ಮಾಡಬೇಕೆಂದು ಹಠ ತೊಟ್ಟರು. 2.34 ಮೀಟರ್, ಎಂದರೆ ಸುಮಾರು 92 ಅಂಗುಲ ಅಗಲದ ದರ್ಪಣ. ಗಾಜಿನ ತಟ್ಟೆ ಜರ್ಮನಿಯಿಂದ ಬಂದಿತಾದರೂ, ಅದನ್ನು ಅರೆದು ನಯಗೊಳಿಸಿದ್ದು ಇಲ್ಲಿಯೇ, ನಮ್ಮ ಬೆಂಗಳೂರಿನಲ್ಲಿ, ಎ.ಪಿ. ಜಯರಾಜನ್ ಎಂಬ ನುರಿತ ಕುಶಲಿಗಳ ಕೈಯಲ್ಲಿ. ದರ್ಪಣ ತಯಾರಿಸುವುದೆಂದರೆ ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಮೇಲ್ಮೈ ಬೆಳಕಿನ ಅಲೆಯ ಒಂದು ಸಣ್ಣ ಪಾಲಿನಷ್ಟೂ ವಕ್ರವಾಗಬಾರದು. ಕೂದಲಿನ ದಪ್ಪದ ಸಾವಿರದ ಒಂದು ಪಾಲಿನ ಲೆಕ್ಕ ಅದು. ಬೊಮ್ಮನಹಳ್ಳಿ ಆಗ ಇನ್ನೂ ಹಳ್ಳಿಯೇ. ನಮ್ಮ ಊರಿನಿಂದ ಐದಾರು ಕಿಲೋಮೀಟರಿನಾಚೆ ಇಂಥ ಅಳತೆ ನಡೆಯುತ್ತಿದ್ದಿತು!

ಸನ್ಮಾನಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಭಾರತೀಯರು ಅವರೇ.

1982ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪಾಟ್ರಾಸಿನಲ್ಲಿ ಆ ಒಕ್ಕೂಟದ ಮಹಾಧಿವೇಶನ. ಅಧ್ಯಕ್ಷರಾದ ಬಾಪು ಅವರು ಅದೇ ಹೊತ್ತಿಗೆ ಜರ್ಮನಿಯ ಮ್ಯೂನಿಕ್ ನಗರದ ಆಸ್ಪತ್ರೆಯಲ್ಲಿದ್ದರು. ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದಿತು. ಆಗಸ್ಟ್ 19ರಂದು, ಅಧಿವೇಶನ ನಡೆಯುತ್ತಿರುವಾಗಲೇ, ಅವರು ದಿವಂಗತರಾದರು. ಐವತ್ತೈದು ತುಂಬಿ ಒಂಬತ್ತು ದಿನಗಳಾಗಿದ್ದವು. ದೊಡ್ಡ ದೂರದರ್ಶಕ ಆಗಿನ್ನೂ ಮುಗಿದಿರಲಿಲ್ಲ. ಅದರ ಮೂಲಕ ಒಂದು ತಾರೆಯನ್ನೂ ಅವರು ನೋಡಲಿಲ್ಲ.

ಉಳಿದವರು ಕೆಲಸ ನಿಲ್ಲಿಸಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾವಲೂರಿಗೆ ಬಂದು ಅದಕ್ಕೆ ವೈನು ಬಾಪು ದೂರದರ್ಶಕವೆಂದು ಹೆಸರಿಟ್ಟರು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಅದೇ ಅತಿ ದೊಡ್ಡದು. ಮುಂದೆ ಅದಕ್ಕೆ ಸೂಕ್ಷ್ಮವಾದ ವರ್ಣಪಟಲಮಾಪಕವೊಂದನ್ನು ಜೋಡಿಸಿದರು.

ಬೊಮ್ಮನಹಳ್ಳಿಯಿಂದ ಇಂದು ಆಕಾಶವನ್ನು ನೋಡಿದರೆ ಲೆಕ್ಕಕ್ಕೆ ಸಿಗುವುದು ಐದಾರು ಚುಕ್ಕೆಗಳು ಮಾತ್ರ. ಕಾರ್ಖಾನೆಗಳ ದೀಪ, ಮೇಲ್ಸೇತುವೆಯ ದೀಪ, ಈಗ ಮೆಟ್ರೋ ನಿಲ್ದಾಣದ ದೀಪ. ನಮ್ಮ ಊರಿನ ಮೇಲೆ ಹಾಯುವ ಹಳದಿ ಮಾರ್ಗದ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಅದು ಬಾಪು ಅವರ ಹುಟ್ಟುಹಬ್ಬವೆಂಬುದು ಆ ಜನಸಂದಣಿಯಲ್ಲಿ ಎಷ್ಟು ಜನರಿಗೆ ನೆನಪಿದ್ದೀತು! ಕತ್ತಲೆಯನ್ನು ಅರಸಿ ಅವರ ಸಂಸ್ಥೆಯವರು ಕಾವಲೂರಿಗಿಂತಲೂ ದೂರ ಹೋಗಬೇಕಾಯಿತು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಿಲ್ಲಿಸಿದರು. 2001ರಲ್ಲಿ ಅದರ ಲೋಕಾರ್ಪಣೆಯಾಯಿತು. ಅದನ್ನು ನಡೆಸುವವರು ಹಿಮದಲ್ಲಿ ಕುಳಿತಿರಬೇಕಾಗಿಲ್ಲ. ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕವೇ ಅದನ್ನು ತಿರುಗಿಸುತ್ತಾರೆ.

2016ರಲ್ಲಿ ಟ್ರಾಪಿಸ್ಟ್–1 ಎಂಬ ತಾರೆಯ ಸುತ್ತ ಭೂಮಿಯಷ್ಟೇ ಗಾತ್ರದ ಗ್ರಹಗಳಿವೆಯೆಂದು ಬೆಲ್ಜಿಯಂ ದೇಶದ ವಿಜ್ಞಾನಿಗಳ ಮುಂದಾಳುತನದಲ್ಲಿ ಪ್ರಕಟವಾಯಿತು. ಮರುವರ್ಷ ಅವುಗಳ ಸಂಖ್ಯೆ ಏಳಕ್ಕೇರಿತು. ಆ ತಾರೆ ನಮ್ಮಿಂದ ಸುಮಾರು 40 ಜ್ಯೋತಿರ್ವರ್ಷ ದೂರ; ಅಗಲ ಸೂರ್ಯನ ಶೇಕಡ 12ರಷ್ಟು, ತೂಕ ಶೇಕಡ 9ರಷ್ಟು, ಬಿಸಿ ಸುಮಾರು 2,560 ಕೆಲ್ವಿನ್. ತಾರೆಯ ತೂಕವನ್ನು ಮುಂದೆ ತುಸು ತಿದ್ದಿದಾಗ ಗ್ರಹಗಳ ಲೆಕ್ಕವನ್ನೂ ಅದರ ಜೊತೆಯೇ ತಿದ್ದಬೇಕಾಯಿತು. 2016ರ ಆ ಪ್ರಬಂಧದಲ್ಲಿ ಬಳಸಿದ ದೂರದರ್ಶಕಗಳ ಪಟ್ಟಿಯಲ್ಲಿ ಹಾನ್ಲೆಯ ದೂರದರ್ಶಕವಿದೆ. ಬರೆದವರ ಸಾಲಿನಲ್ಲಿ ಕೋರಮಂಗಲದ ಸಂಸ್ಥೆಯ ವಿಜ್ಞಾನಿಯೊಬ್ಬರ ಹೆಸರಿದೆ. ಪ್ರಬಂಧದ ಆ ಪುಟವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಅಚ್ಚು ಹಾಕಿಸಿ ಮನೆಗೆ ಒಯ್ದೆ. ನಮ್ಮಕ್ಕ ಅದನ್ನು ದೀಪದ ಕೆಳಗೆ ಹಿಡಿದು ಅಂಕಿಗಳ ಪಟ್ಟಿಯನ್ನು ನೋಡಿದಳು. ಪ್ರತಿಯೊಂದು ಅಂಕಿಯ ಮುಂದೆಯೂ ಹೆಚ್ಚು ಕಡಿಮೆ ಎಷ್ಟೆಂಬ ಗುರುತಿರುವುದನ್ನು ಕಂಡು, ಇವರೂ ಟಾಲರೆನ್ಸ್ ಬರೆಯುತ್ತಾರೆಯೇ ಎಂದು ಕೇಳಿ, ತಾರೆಯ ಅಗಲದ ಸಾಲಿನಲ್ಲಿ ಬೆರಳಿಟ್ಟು ಅದು ಎಷ್ಟು ಬಿಟ್ಟಿದ್ದಾರೆಂದು ಲೆಕ್ಕ ಹಾಕತೊಡಗಿದಳು.